ರಾಯಲ್ ಕ್ರೆಸೆಂಟ್ ಕಂಬಗಳು ವಾಲಿದ ಹಾಗೆ ಬರುತ್ತಿದ್ದರೆ
ಕಟ್ಟಡಕ್ಕೆ ತೀರಾ ಹತ್ತಿರ ನಿಂತು ಫೋನನ್ನು ಮೇಲಕ್ಕೆ ಓರೆ ಮಾಡಿ ತೆಗೆದಿರಬೇಕು, ಇಂಗ್ಲೆಂಡಿನ ಬಾತ್ ನಗರದ ನಿಮ್ಮ ಫೋಟೊಗಳಲ್ಲಿ, ಅರ್ಧಚಂದ್ರಾಕಾರದ ಮನೆಸಾಲಾದ ರಾಯಲ್ ಕ್ರೆಸೆಂಟ್‌ನ ಕಂಬಗಳು ಹಿಂದಕ್ಕೆ ವಾಲಿದಂತೆ ಕಾಣುವುದಕ್ಕೆ ಬಹುಶಃ ಅದೇ ಕಾರಣ. ಕಲ್ಲು ಬೂದು ಬಣ್ಣಕ್ಕೆ ತಿರುಗಿದಂತೆ ಕಾಣುತ್ತಿದ್ದರೆ, ಅದು ಫೋನ್ ತಾನೇ ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್‌ನ ಕೆಲಸ ಇರಬಹುದು. ಫೋಟೊ ನೋಡದೆ ಇಷ್ಟೇ ಹೇಳಬಲ್ಲೆ.

ಮೊದಲು ಹಿಂದೆ ಸರಿಯಿರಿ. ಎದುರಿನ ರಸ್ತೆ ಸಾಲದು, ಸುತ್ತಿಕೊಂಡು ಹುಲ್ಲುಹಾಸಿನ ಮಧ್ಯದ ತಗ್ಗು ಗೋಡೆಯ ಆಚೆಗೆ, ರಾಯಲ್ ವಿಕ್ಟೋರಿಯಾ ಪಾರ್ಕ್ ಕಡೆಗೆ ಹೋಗಿ. ಗೋಡೆಯಿಂದ ಮೇಲಿನ ಹುಲ್ಲುಹಾಸು ಅಲ್ಲಿನ ನಿವಾಸಿಗಳದ್ದು, ಒಳಗೆ ಹೋಗಬೇಡಿ. ಕೆಳಗಿನಿಂದ 30 ಮನೆಗಳ ಇಡೀ ಬಾಗು ಸಿಗುತ್ತದೆ, ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ ಅದನ್ನು ನೋಡಬೇಕೆಂದು ಕಟ್ಟಿದ್ದೂ ಹೀಗೆ ಒಂದೇ ಅರಮನೆಯ ಹಾಗೆ, ಅಲ್ವಾ? ಫೋನಿನ ಅಲ್ಟ್ರಾವೈಡ್ ಲೆನ್ಸ್ ಬೇಡ, ಮಾಮೂಲಿ 1x ಸಾಕು. ಪರದೆಯ ಮೇಲೆ ಗೆರೆ ತೋರಿಸುವ ಗ್ರಿಡ್ ಆನ್ ಮಾಡಿ, ಫೋನನ್ನು ನೆಟ್ಟಗೆ ಹಿಡಿಯಿರಿ. ಕೆಳಗೆ ಹುಲ್ಲು ಜಾಸ್ತಿ ಬಂದರೆ ಬರಲಿ, ಆಮೇಲೆ ಕತ್ತರಿಸಿ. ಉಳಿದ ಚೂರು ಓರೆಯನ್ನು ಫೋಟೊ ತಿದ್ದುವ ಆಪ್ ಸ್ನ್ಯಾಪ್‌ಸೀಡ್‌ನ ಪರ್ಸ್ಪೆಕ್ಟಿವ್‌ನಲ್ಲಿ ಸರಿಮಾಡಿ, ಪೂರ್ತಿ ಎಳೆದರೆ ಮಾತ್ರ ಮನೆಗಳು ಉದ್ದುದ್ದ ಆಗುತ್ತವೆ.

ಬಣ್ಣಕ್ಕೆ, ಮೋಡ ಇದ್ದರೆ ವೈಟ್ ಬ್ಯಾಲೆನ್ಸನ್ನು ಕ್ಲೌಡಿಗೆ ಇಡಿ. ಆ ಸುಣ್ಣದಕಲ್ಲು ಜೇನಿನ ಬಣ್ಣದ್ದು, ಆ ಬಣ್ಣ ಹೋದರೆ ಬಾತ್ ಹೋದ ಹಾಗೆ. ಕಟ್ಟಡದ ಮುಖ ಹೆಚ್ಚುಕಡಿಮೆ ದಕ್ಷಿಣಕ್ಕಿದೆ, ಬೆಳಗಿನ ಓರೆ ಬಿಸಿಲು ಕಂಬಗಳ ಮೇಲೆ ಚೆನ್ನಾಗಿ ಬೀಳುತ್ತದೆ. ಹಾಗೇ ಹಿಂಬದಿಗೂ ಹೋಗಿ: ಮುಂಭಾಗ ಮಾತ್ರ ಒಂದೇ ತರಹ, ಹಿಂದೆ ಒಬ್ಬೊಬ್ಬರು ಒಂದೊಂದು ರೀತಿ ಕಟ್ಟಿಸಿಕೊಂಡಿದ್ದಾರೆ.