ದೋಣಿ ಹತ್ತಿದ ಕಾರ್ಡು

ಅಮೆರಿಕದಲ್ಲಿ ಮಾಡಿದಂತೆ ಇಲ್ಲಿಯೂ ಕೇಂದ್ರ ಸರ್ಕಾರ ಪ್ರತಿಯೊಬ್ಬರೂ ಆರೋಗ್ಯ ವಿಮೆ ಕೊಳ್ಳಲೇಬೇಕೆಂದು ಕಾನೂನು ತಂದರೆ ನಿಮ್ಮ ಕಡೆಯವರು ಏನನ್ನುತ್ತಾರೆ ಎಂದು ಕೇಳಿದ್ದೀರಿ. ಬೇಡವೆಂಬುದು ನನ್ನ ಉತ್ತರ. ಏಕೆಂದು ತಿಳಿಯಬೇಕಾದರೆ ಮೊದಲು ನಮ್ಮ ಊರಿನ ದಾರಿ ನಿಮಗೆ ಗೊತ್ತಿರಬೇಕು.

ನಮ್ಮದು ಮೈಸೂರು ಜಿಲ್ಲೆಯ ಕೊನೆಯ ಅಂಚು, ಎಚ್.ಡಿ. ಕೋಟೆ ತಾಲ್ಲೂಕಿನ ಡಿ.ಬಿ. ಕುಪ್ಪೆಯ ಕಡೆ. ಕಬಿನಿ ಹೊಳೆಯೇ ಗಡಿ, ಆಚೆ ದಡ ಕೇರಳದ ವಯನಾಡು. ಅಂಗಡಿ, ಔಷಧಿ, ಕೂಲಿ ಎಲ್ಲಕ್ಕೂ ದೋಣಿ ಹತ್ತಿ ಆಚೆಗೆ ಹೋಗುತ್ತೇವೆ. ಕೋಟೆಗೆ ಹೋಗಬೇಕೆಂದರೆ ನಾಗರಹೊಳೆಯ ಕಾಡು ದಾಟಬೇಕು. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಆ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ. ತುರ್ತು ವಾಹನಕ್ಕೆ ವಿನಾಯಿತಿ ಇದೆ, ನಿಜ. ಆ ವಾಹನ ಮೊದಲು ನಮ್ಮ ತನಕ ಬರಬೇಕಲ್ಲ.

ಮೂರು ವರ್ಷದ ಹಿಂದೆ ಒಂದು ಸಂಜೆ ಚಿಕ್ಕಮ್ಮನಿಗೆ ತಡೆಯಲಾಗದ ಹೊಟ್ಟೆನೋವು ಬಂತು. ದೋಣಿಯಲ್ಲಿ ಮಲಗಿಸಿಕೊಂಡು ಹೊಳೆ ದಾಟಿ, ಜೀಪು ಹಿಡಿದು, ಆಚೆಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಅವರ ಚೀಲದಲ್ಲೇ ಇತ್ತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಹೊರರಾಜ್ಯದಲ್ಲೂ ಅದು ನಡೆಯುತ್ತದೆ, ಆದರೆ ಆಸ್ಪತ್ರೆ ಯೋಜನೆಗೆ ಸೇರಿರಬೇಕು. ಅದು ಸೇರಿರಲಿಲ್ಲ. ತಂಗಿಯ ಓಲೆ ಗಿರವಿ ಇಟ್ಟು ಬಿಲ್ಲು ಕಟ್ಟಿದೆವು. ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು.

ಅಮೆರಿಕದವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕಾಯಿಲೆ ಬಿದ್ದವರಷ್ಟೇ ಸೇರಿದರೆ ನಿಧಿ ಬರಿದಾಗುತ್ತದೆ, ಗಟ್ಟಿಮುಟ್ಟಾದವರೂ ಹಣ ಹಾಕಬೇಕು ಎಂದು 2010ರಲ್ಲಿ ಅವರು ಕಾನೂನು ಮಾಡಿದರು. ಆ ಕಷ್ಟ ನಮ್ಮ ಸೊಸೈಟಿಯಲ್ಲೂ ಕಂಡದ್ದೇ: ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದ ಮೇಲೆ, ಸಹಕಾರ ಸಂಘದ ಸದಸ್ಯರಿಗಿರುವ ಆರೋಗ್ಯ ಯೋಜನೆ ಯಶಸ್ವಿನಿಯ ಕಾರ್ಡು ಕೇಳಿಕೊಂಡು ಬರುವವರಿದ್ದಾರೆ. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ತೀರ್ಪಿನಲ್ಲಿ, ವ್ಯಾಪಾರ ನಿಯಂತ್ರಿಸುವ ಅಧಿಕಾರದ ಹೆಸರಿನಲ್ಲಿ ಕೇಂದ್ರ ಸರ್ಕಾರ ‘ಕೊಳ್ಳಿ’ ಎಂದು ಆಜ್ಞೆ ಮಾಡುವಂತಿಲ್ಲ, ಕೊಳ್ಳದವರಿಂದ ಪಡೆಯುವ ದಂಡವನ್ನು ತೆರಿಗೆಯೆಂದು ವಸೂಲು ಮಾಡಬಹುದು ಎಂದಿತು. 2019ರಿಂದ ಆ ದಂಡವೂ ಸೊನ್ನೆಯಾಗಿದೆ.

ತೆರಿಗೆ ಎಂಬ ಆ ಮಾತನ್ನೇ ನಾನು ಹಿಡಿದುಕೊಳ್ಳುತ್ತೇನೆ. ತೆರಿಗೆಯಾದರೆ ತೆರಿಗೆಯಂತೆಯೇ, ಉಳ್ಳವರಿಂದ ಹೆಚ್ಚು ಪಡೆಯಲಿ. ಶುಂಠಿ ಹೊಲದ ಗುತ್ತಿಗೆದಾರನೂ ಅಲ್ಲಿ ಶುಂಠಿ ಕೀಳುವ ಹೆಂಗಸೂ ಒಂದೇ ಕಂತು ಕಟ್ಟಬೇಕೆನ್ನುವುದು ಅನ್ಯಾಯ. ಕಾರ್ಖಾನೆಯವರಿಗೆ ಇಎಸ್ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಕಡ್ಡಾಯ, ಅದು ಸರಿ: ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25. ದಿನಗೂಲಿಗೆ ಆಚೆ ದಡದ ಕಾಫಿ ತೋಟಕ್ಕೆ ಹೋಗುವವರಿಗೆ ಮಾಲೀಕ ಯಾರೆಂದು ಬರೆದುಕೊಳ್ಳುವುದು?

ಕಡ್ಡಾಯದ ರುಚಿಯನ್ನು ನಾವು ಬೆಳೆವಿಮೆಯಲ್ಲಿ ಕಂಡಿದ್ದೇವೆ. 2020ರ ಮುಂಗಾರಿಗೆ ಮುಂಚೆ, ಬೆಳೆಸಾಲ ತೆಗೆದವರಿಗೆಲ್ಲ ಅದು ಕಡ್ಡಾಯವಾಗಿತ್ತು. ಸಾಲದಲ್ಲೇ ಕಂತು ಮುರಿದುಕೊಳ್ಳುತ್ತಿದ್ದರು. ಯಾವ ಬೆಳೆಗೆ, ಎಷ್ಟು ಎಂದು ನಮ್ಮಪ್ಪನಿಗೆ ಯಾರೂ ಹೇಳಲಿಲ್ಲ. ಯಶಸ್ವಿನಿ ಹಾಗಿರಲಿಲ್ಲ. 2003ರಲ್ಲಿ ಶುರುವಾದಾಗ ತಲೆಗೆ ವರ್ಷಕ್ಕೆ 60 ರೂಪಾಯಿ. ಡೇರಿಗೆ ಹಾಲು ಹಾಕಲು ಬಂದವರಿಗೆ ಕಾರ್ಯದರ್ಶಿಯೇ ವಿವರಿಸುತ್ತಿದ್ದರು, ಜನ ತಾವಾಗಿ ಸೇರಿದರು. ನಡುವೆ ನಿಂತುಹೋಗಿದ್ದ ಅದು ಮತ್ತೆ ಬಂದಿದೆ.

ಹಾಡಿಗಳ ಆದಿವಾಸಿ ಜೇನುಕುರುಬರ ವಿಚಾರ ನನ್ನನ್ನು ಹೆಚ್ಚು ಕಾಡುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಇರುವವರು ಅಲ್ಲಿದ್ದಾರೆ. ಪುಕ್ಕಟೆ ಕಾರ್ಡೇ ಕೈಗೆ ಸಿಗದವರಿಗೆ ವಿಮೆ ಕೊಳ್ಳಲಿಲ್ಲವೆಂದು ದಂಡ ಹಾಕುವುದೇ?

ನಮ್ಮ ಸಂವಿಧಾನದಲ್ಲಿ ವಿಮೆ ಕೇಂದ್ರದ ಪಟ್ಟಿಯಲ್ಲಿದೆ, ಆಸ್ಪತ್ರೆ ರಾಜ್ಯದ ಪಟ್ಟಿಯಲ್ಲಿದೆ. ಕಡ್ಡಾಯ ಮಾಡುವುದಿದ್ದರೆ ಈ ಇಬ್ಬರೂ ಸೇರಿ ರಾತ್ರಿ ಡಾಕ್ಟರು ಇರುವ ಆಸ್ಪತ್ರೆಯನ್ನು ಹೊಳೆಯ ಈಚೆಗೆ ಕಡ್ಡಾಯ ಮಾಡಲಿ. ಆಮೇಲೆ ನನ್ನ ಪಾಲಿನ ಹಣ ಕೇಳಲಿ, ಕೊಡುತ್ತೇನೆ. ನೀವೂ ಒಮ್ಮೆ ಬನ್ನಿ. ಮೈಸೂರಿನಿಂದ ಮಧ್ಯಾಹ್ನವೇ ಹೊರಡಿ, ಆರಕ್ಕೆ ಮುಂಚೆ ಕಾಡು ದಾಟಬೇಕು.