ಚಳಿ ಎಲ್ಲಿ ಆಗುತ್ತೆ ಅಂತ ಅತ್ತೆಯನ್ನು ಕೇಳಿದ್ದೀರಾ?

ಈ ಪ್ರಕರಣ ಬರೆಯಲು ಆ ಮನೆಯವರ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಹೊಸನಗರದ ಕಡೆಯ ಒಂದು ಹಳ್ಳಿ ಅಂದರೆ ಸಾಕು. ಇಬ್ಬರನ್ನೂ ಸೊಸೆ, ಅತ್ತೆ ಎಂದೇ ಕರೆಯುತ್ತೇನೆ.

ಸೊಸೆ ಆಪ್ತಸಮಾಲೋಚನೆಗೆ ನನ್ನನ್ನು ಕಾಣಲು ಶಿವಮೊಗ್ಗಕ್ಕೆ ಬಂದದ್ದು ದೀಪಾವಳಿ ಕಳೆದ ವಾರ. ವಯಸ್ಸು 36. ಮನೆಯಲ್ಲಿ ಗಂಡ, ಶಾಲೆಗೆ ಹೋಗುವ ಮಗ, 72 ವರ್ಷದ ಅತ್ತೆ. ಅರ್ಧ ಎಕರೆ ಅಡಿಕೆ ತೋಟ. ಗಂಡ ಬೇರೆಯವರ ತೋಟಕ್ಕೂ ಅಡಿಕೆ ಗೊನೆ ಕೊಯ್ಯಲು ಹೋಗುತ್ತಾರೆ. ಆಕೆ ಹೇಳಿಕೊಂಡ ತೊಂದರೆ ನಿದ್ದೆಯದು. ರಾತ್ರಿ ಮೂರು ನಾಲ್ಕು ಸಲ ಎದ್ದು ಅತ್ತೆಯ ಕೋಣೆಗೆ ಹೋಗುತ್ತಿದ್ದರು. ಕತ್ತಲೆಯಲ್ಲೇ ಹಾಸಿಗೆ ಪಕ್ಕ ಕೂತು ಉಸಿರಾಟ ಕೇಳಿಸಿಕೊಳ್ಳುತ್ತಿದ್ದರು. ಕೇಳಿಸಿದ ಮೇಲೆ ಬಂದು ಮಲಗುವುದು. ಅರ್ಧ ಗಂಟೆಗೆ ಮತ್ತೆ ಅನುಮಾನ. ಹಗಲು ಅಡಿಕೆ ಸುಲಿಯಲು ಕೂತರೆ ಮೆಟ್ಟುಗತ್ತಿಯ ಮುಂದೆಯೇ ತೂಕಡಿಕೆ. ಒಂದು ಸಲ ಬೆರಳು ಕೊಯ್ದುಕೊಂಡಿದ್ದರು.

"ಚಳಿಗಾಲ ಬಂತು ಅಂದ್ರೆ ಎದೆ ಹೊಡ್ಕೊಳ್ತದೆ ಮೇಡಂ" ಅಂದರು.

ಅವರ ಬ್ಯಾಗಿನಲ್ಲಿ ಒಂದು ಚೀಟಿ ಇತ್ತು. ಹಳೆ ಕ್ಯಾಲೆಂಡರಿನ ಹಿಂಬದಿ. ಹೆಂಚಿನ ಕೆಳಗೆ ಸೀಲಿಂಗ್, ಕಿಟಕಿಗಳಿಗೆ ಗಾಜು, ರೂಮ್ ಹೀಟರ್, ಗೀಸರ್, ಹೊಸ ರಜಾಯಿ. ಎಲ್ಲ ಕೂಡಿಸಿದರೆ ಅರವತ್ತು ಸಾವಿರದ ಹತ್ತಿರ. ಕೈಯಲ್ಲಿದ್ದದ್ದು 3,500 ರೂಪಾಯಿ. ಹೊಸ ಅಡಿಕೆ ಮಾರಿ ದುಡ್ಡು ಬರುವುದು ಸಂಕ್ರಾಂತಿ ಕಳೆದ ಮೇಲೆ. ಅದೂ ಎಲೆಚುಕ್ಕಿ ರೋಗ ಬಂದು ಫಸಲು ಕಮ್ಮಿ. ಸೊಸೈಟಿ ಸಾಲ ಬೇರೆ. ನಮ್ಮ ಮಲೆನಾಡಿನಲ್ಲಿ ಚಳಿ ಶುರುವಾಗುವುದೂ ಕೈ ಖಾಲಿಯಾಗುವುದೂ ಒಂದೇ ತಿಂಗಳಲ್ಲಿ. ಕೊಯ್ಲಿನ ಕೂಲಿ, ಸುಲಿಗೆ, ಬೇಯಿಸುವುದು ಎಲ್ಲಕ್ಕೂ ಕೊಡಬೇಕು, ಬರುವುದು ಮಾತ್ರ ಆಮೇಲೆ.

ಇದರ ಮೇಲೆ ಬೆಂಗಳೂರಿನಿಂದ ಭಾವನ ಫೋನು. "ಅಮ್ಮನನ್ನು ಆ ಚಳಿಯಲ್ಲಿ ಮಲಗಿಸ್ತೀರಲ್ಲ, ಹೀಟರ್ ಕಳಿಸ್ತೀನಿ" ಅಂದಿದ್ದರಂತೆ. ಅವರು ಪ್ರೀತಿಯಿಂದಲೇ ಹೇಳಿರಬಹುದು. ಸೊಸೆಗೆ ಅದು ಆರೋಪದ ಹಾಗೆ ಕೇಳಿಸಿತ್ತು.

ನಾನು ಚೀಟಿ ಪಕ್ಕಕ್ಕಿಟ್ಟೆ. ಉಸಿರಾಟ ನೋಡುವುದು ಯಾವಾಗಿನಿಂದ ಶುರುವಾಯಿತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ ಹೋದ ಪುಷ್ಯ ಮಾಸದ ಒಂದು ರಾತ್ರಿಯ ಮಾತು ತೆಗೆದರು.

ಆ ದಿನ ಅತ್ತೆಗೆ ದಮ್ಮು ಜಾಸ್ತಿ ಇತ್ತು. ಕೋಣೆ ಬೆಚ್ಚಗಿರಲಿ ಅಂತ ಬಚ್ಚಲ ಒಲೆಯ ಕೆಂಡವನ್ನು ಕಬ್ಬಿಣದ ಬಾಣಲೆಯಲ್ಲಿ ತುಂಬಿ ಮಂಚದ ಪಕ್ಕ ಇಟ್ಟರು. ಬಾಗಿಲು, ಕಿಟಕಿ ಭದ್ರ ಮಾಡಿ ತಾವೂ ಅಲ್ಲೇ ಕೆಳಗೆ ಮಲಗಿದರು. ನಡುರಾತ್ರಿ ಎಚ್ಚರವಾದಾಗ ತಲೆ ಸಿಡಿಯುತ್ತಿತ್ತು. ಅತ್ತೆ ವಾಂತಿ ಮಾಡಿಕೊಂಡಿದ್ದರು, ಕರೆದರೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಸೊಸೆ ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆಗೆದರು. ಜಗಲಿಗೆ ಕರೆತಂದು ಕೂರಿಸಿದ ಮೇಲೆ ಅತ್ತೆ ನಿಧಾನಕ್ಕೆ ಸುಧಾರಿಸಿಕೊಂಡರು. ಬೆಳಿಗ್ಗೆ ಎಲ್ಲರೂ ಪಿತ್ತ ಅಂದರು. ಜೀರಿಗೆ ಕಷಾಯ ಕುಡಿದು ಆ ಮಾತು ಮುಗಿಸಿದರು.

ಅದು ಪಿತ್ತ ಅಲ್ಲ. ಇದನ್ನು ನಾನು ಆಕೆಗೆ ಬಿಡಿಸಿ ಹೇಳಿದೆ, ಇಲ್ಲೂ ಬಿಡಿಸಿಯೇ ಹೇಳುತ್ತೇನೆ. ಕೆಂಡ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೆ ಅಪಾಯವಿಲ್ಲ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಹೊಗೆ ನಿಂತ ಕೆಂಪು ಕೆಂಡದಿಂದಲೂ ಅದು ಬರುತ್ತದೆ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಕೂರುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಂತಿ. ನಿದ್ದೆಯಲ್ಲಿದ್ದವರಿಗೆ ಅದೂ ಗೊತ್ತಾಗದೆ ಜೀವ ಹೋಗಬಹುದು. ಗ್ಯಾಸ್ ಗೀಸರ್ ಇಟ್ಟ, ಗಾಳಿಯಾಡದ ಸ್ನಾನದ ಮನೆಯಲ್ಲೂ ಇದೇ ಆಗುವುದು. ಹೀಗಾದರೆ ಮೊದಲು ಬಯಲು ಗಾಳಿಗೆ ಬರಬೇಕು, ಆಮೇಲೆ ಆಸ್ಪತ್ರೆಗೆ ಹೋಗಬೇಕು. ಕಷಾಯದಿಂದ ಆಗುವ ಕೆಲಸವಲ್ಲ.

ಕೇಳಿ ಆಕೆ ಅತ್ತುಬಿಟ್ಟರು. "ನಾನೇ ಇಟ್ಟಿದ್ದು ಮೇಡಂ."

ಇಂಥ ಹೊತ್ತಿನಲ್ಲಿ "ಹೋಗ್ಲಿ ಬಿಡಿ" ಅನ್ನುವುದು ಸುಲಭ. ನಾನು ಅನ್ನಲಿಲ್ಲ. ಕೆಂಡ ಇಟ್ಟವರು ನೀವು, ಎದ್ದು ಬಾಗಿಲು ತೆಗೆದವರೂ ನೀವೇ ಅಂದೆ. ಮನೆಯವರೆಲ್ಲ ಪಿತ್ತ ಅಂತ ಮರೆತರು. ಇವರ ಮೈ ಮರೆಯಲಿಲ್ಲ. ಚಳಿ ಬಿತ್ತು ಅಂದ ಕೂಡಲೇ ಅದು ಆ ರಾತ್ರಿಯನ್ನೇ ಕಾಯಲು ಶುರು ಮಾಡುತ್ತಿತ್ತು. ಅರವತ್ತು ಸಾವಿರದ ಚೀಟಿ ಬೆಳೆದದ್ದೂ ಅಲ್ಲಿಂದಲೇ. ಇಡೀ ಮನೆ ಬೆಚ್ಚಗಾದರೆ ಮತ್ತೆ ಹಾಗೆ ಆಗುವುದಿಲ್ಲ ಎಂಬ ಲೆಕ್ಕ.

ಆ ದಿನ ಎರಡೇ ಸಲಹೆ ಕೊಟ್ಟೆ. ಮಲಗುವ ಕೋಣೆಗೆ ಕೆಂಡ ಇನ್ನು ಯಾವತ್ತೂ ಬೇಡ. ಹೇಗೂ ದಮ್ಮು ಇರುವವರಿಗೆ ಚಳಿಯಷ್ಟೇ ಹೊಗೆಯೂ ಕೆಟ್ಟದ್ದು. ಎರಡನೆಯದು, ಮನೆಗೆ ಹೋಗಿ ಅತ್ತೆಯನ್ನು ಒಂದು ಪ್ರಶ್ನೆ ಕೇಳಬೇಕು: "ನಿಮಗೆ ಚಳಿ ಎಲ್ಲಿ ಆಗುತ್ತೆ?" ಒಂದು ವರ್ಷ ಎಲ್ಲರೂ ಅತ್ತೆಯ ಚಳಿಯ ಬಗ್ಗೆ ಮಾತಾಡಿದ್ದರು. ಅತ್ತೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಮುಂದಿನ ಮಾತುಕತೆ ಫೋನಿನಲ್ಲಿ ಇಟ್ಟುಕೊಂಡೆವು. ನಮ್ಮ ಕಡೆಯ ಹಳ್ಳಿಗಳಿಗೆ ಖಾಸಗಿ ಬಸ್ಸೇ ಜಾಸ್ತಿ, ಶಕ್ತಿ ಯೋಜನೆಯ ಉಚಿತ ಪ್ರಯಾಣ ಅದರಲ್ಲಿ ನಡೆಯುವುದಿಲ್ಲ. ಹೋಗಿ ಬರುವ ಚಾರ್ಜು, ಒಂದು ದಿನದ ಕೆಲಸ, ಎರಡೂ ಹೋಗುತ್ತದೆ. ಹಣದ ಚಿಂತೆಯಿಂದ ಬಂದವರಿಗೆ ನನ್ನಿಂದಲೇ ಖರ್ಚು ಹೆಚ್ಚಬಾರದು, ಅಲ್ವಾ?

ಹತ್ತು ದಿನ ಬಿಟ್ಟು ಉತ್ತರ ಬಂತು. ಅತ್ತೆ ಅಂದಿದ್ದರು: "ಕೋಣೇಲಿ ಎಂತ ಚಳಿ ಮಾರಾಯ್ತಿ, ಕಂಬ್ಳಿ ಹೊದ್ರೆ ಆಯ್ತು. ರಾತ್ರಿ ಹೊರಗೆ ಹೋಗೂದೇ ನಂಗೆ ಹೆದ್ರಿಕೆ."

ಆ ಮನೆಯಲ್ಲಿ ಬಚ್ಚಲು ಹಿಂಬದಿಗೆ ಅಂಟಿಕೊಂಡೇ ಇದೆ. ಕಕ್ಕಸು ಮಾತ್ರ ಅಂಗಳದಾಚೆ. ಬೆಳಗಿನ ಜಾವ ಕಲ್ಲು ಚಪ್ಪಡಿಯ ಮೇಲೆ ಇಬ್ಬನಿ. ಹಿಂದಿನ ವರ್ಷ ಅಲ್ಲಿ ಜಾರಿ ಸೊಂಟಕ್ಕೆ ಪೆಟ್ಟಾಗಿತ್ತು, ಯಾರಿಗೂ ಹೇಳಿರಲಿಲ್ಲ. ರಾತ್ರಿ ಏಳುವುದು ಬೇಡ ಅಂತ ಸಂಜೆ ಆರರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಫೋನಿನಲ್ಲಿ ಇದನ್ನು ಕೇಳುತ್ತಾ ನನಗೆ ಗಂಟಲು ಕಟ್ಟಿತು. ಚೀಟಿಯಲ್ಲಿದ್ದ ಐದು ವಸ್ತುಗಳಲ್ಲಿ ಒಂದೂ ಈ ಹೆದರಿಕೆಗೆ ಮದ್ದಾಗಿರಲಿಲ್ಲ.

ಅಲ್ಲಿಂದ ಕೆಲಸ ಸಲೀಸಾಯಿತು. ಇಡೀ ಮನೆ ಬಿಟ್ಟೆವು, ಒಂದು ಕೋಣೆ ಹಿಡಿದೆವು. ಅಡುಗೆಮನೆಗೂ ಬಚ್ಚಲಿಗೂ ನಡುವೆ ಅಕ್ಕಿ ಮೂಟೆ ಇಡುವ ಸಣ್ಣ ಕೋಣೆ ಇತ್ತು. ಎರಡು ಕಡೆ ಒಲೆಯ ಗೋಡೆ, ಸಂಜೆ ಉರಿಸಿದ ಬಿಸಿ ಬಹಳ ಹೊತ್ತು ಇರುತ್ತದೆ. ಮಂಚ ಅಲ್ಲಿಗೆ ಬಂತು. ಮಳೆಗಾಲದಲ್ಲಿ ಹೊರಗೋಡೆಗೆ ಕಟ್ಟಿದ್ದ ಸೋಗೆ ತಟ್ಟಿ ಇನ್ನೂ ಬಿಚ್ಚಿರಲಿಲ್ಲ. ಅದನ್ನು ಬಿಚ್ಚಿಸಿದೆ. ಮಳೆಯಲ್ಲಿ ನೀರು ಕುಡಿದ ಗೋಡೆ ಒಣಗದೆ ಕೋಣೆ ಬೆಚ್ಚಗಾಗುವುದಿಲ್ಲ, ದಮ್ಮಿನವರಿಗೆ ಬೂಸ್ಟು ಬೇರೆ ಕಾಟ. ಹಾಸಿಗೆ, ದಿಂಬು ದಿನಾ ಮಧ್ಯಾಹ್ನ ಬಿಸಿಲಿಗೆ. ಮಂಚದ ಮೇಲೆ ಮೊದಲು ರಟ್ಟು, ಅದರ ಮೇಲೆ ಒಣಗಿದ ಭತ್ತದ ಹುಲ್ಲಿನ ಪದರ, ಆಮೇಲೆ ಹಾಸಿಗೆ. ಮೇಲೆ ಎಷ್ಟು ಹೊದ್ದರೂ ಕೆಳಗಿನಿಂದ ಥಂಡಿ ಹೊಡೆದರೆ ಪ್ರಯೋಜನವಿಲ್ಲ. ಬಾಗಿಲ ಸಂದಿಗೆ ಹಳೆ ಸೀರೆಯಲ್ಲಿ ಮರಳು ತುಂಬಿದ ಸುರುಳಿ. ಗೋಡೆಗೂ ಹೆಂಚಿಗೂ ನಡುವಿನ ಸಂದಿಗೆ ಅತ್ತೆಯ ತಲೆಯ ಕಡೆ ಮಾತ್ರ ಗೋಣಿ. ಪೂರ್ತಿ ಮುಚ್ಚಬೇಡಿ ಅಂದೆ, ಪಕ್ಕದಲ್ಲೇ ಒಲೆಗಳಿವೆ, ಗಾಳಿಗೆ ದಾರಿ ಬೇಕು. ಕಾಲಿಗೆ ಉಣ್ಣೆಯ ಕಾಲುಚೀಲ. ಮಲಗುವ ಮುಂಚೆ ಬಿಸಿನೀರಿನ ರಬ್ಬರ್ ಚೀಲ, ದಪ್ಪ ಬಟ್ಟೆ ಸುತ್ತಿಯೇ ಇಡಬೇಕು. ವಯಸ್ಸಾದವರ ಕಾಲಿಗೆ ಸುಟ್ಟದ್ದು ಬೇಗ ಗೊತ್ತಾಗುವುದಿಲ್ಲ.

ಸೌದೆಯ ಮಾತು ಬಂದಾಗ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಆಕೆ ಕಾಡಂಚಿಗೆ ಹೋಗಿ ಪುಳ್ಳೆ (ಒಣಕಡ್ಡಿ), ದರಕು (ಒಣಎಲೆ) ತರುವ ಯೋಚನೆಯಲ್ಲಿದ್ದರು. ಮಂಗನ ಕಾಯಿಲೆ ಮೊದಲು ಗೊತ್ತಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ, 1957ರಲ್ಲಿ. ಚಳಿಗಾಲದಿಂದ ಬೇಸಿಗೆ ಮುಗಿಯುವ ತನಕ ಅದರ ಕಾಲ. ಹರಡುವುದು ಒಣಎಲೆಯಲ್ಲಿರುವ ಉಣ್ಣೆಹುಳದಿಂದ. ಬಚ್ಚಲ ಒಲೆಗೆ ತೋಟದ ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಗರಟೆ ಸಾಕು. ಕಾಡಿಗೆ ಹೋಗಲೇಬೇಕಾದರೆ ಉಣ್ಣೆಹುಳ ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೀಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಬೇಕು. ಬಂದ ಕೂಡಲೇ ಬಿಸಿನೀರಿನ ಸ್ನಾನ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಣ್ಣೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ.

ಹೀಟರಿನ ಲೆಕ್ಕವನ್ನು ಗಂಡನ ಜೊತೆ ಮಾಡಿದೆ. 2,000 ವ್ಯಾಟಿನ ಹೀಟರ್ ಗಂಟೆಗೆ 2 ಯೂನಿಟ್ ಎಳೆಯುತ್ತದೆ. ರಾತ್ರಿ 8 ಗಂಟೆ ಉರಿದರೆ 16. ತಿಂಗಳಿಗೆ 480. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಆ ಮನೆಯ ಹಳೇ ವೈರಿಂಗ್ ಅಷ್ಟು ಭಾರ ತಡೆಯುತ್ತದೋ ಇಲ್ಲವೋ ಎಂಬುದು ಇನ್ನೊಂದು ಚಿಂತೆ. ಲೆಕ್ಕ ಕೇಳಿ ಅವರು "ಅಣ್ಣನಿಗೆ ಹೇಳೂದು ಹ್ಯಾಂಗೆ?" ಅಂದರು. ಭಾವನ ಹತ್ತಿರ ಸೊಸೆ ಎದುರು ಮಾತಾಡುವ ರೂಢಿ ಆ ಮನೆಯಲ್ಲಿಲ್ಲ. ಆದ್ದರಿಂದ ಮಾತು ತಮ್ಮನೇ ಆಡಬೇಕಿತ್ತು. ಬರೀ ಬೇಡ ಅಂದರೆ ಅಣ್ಣನಿಗೆ ನೋವಾಗುತ್ತದೆ, ಬೇಕಾದದ್ದನ್ನು ಕೇಳಿ ಅಂದೆ. ಅವರು ಕೇಳಿದ್ದು ಹೀಗೆ: "ಅಣ್ಣ, ಅಮ್ಮ ಹೋದ ವರ್ಷ ಅಂಗಳದಲ್ಲಿ ಬಿದ್ದಿದ್ರಂತೆ. ಹೀಟರ್ ಬದ್ಲು ಒಂದು ಕಮೋಡ್ ಕುರ್ಚಿ ಕಳ್ಸು." ಆ ಕಡೆ ಬಹಳ ಹೊತ್ತು ಮಾತೇ ಇರಲಿಲ್ಲವಂತೆ. ಕುರ್ಚಿ ವಾರದೊಳಗೆ ಬಂತು. ಈಗ ರಾತ್ರಿ ಅದನ್ನು ಬಚ್ಚಲಿನಲ್ಲಿ ಇಡುತ್ತಾರೆ. ಹೋಗುವ ದಾರಿಗೆ ಒಂದು ಸಣ್ಣ ಎಲ್‌ಇಡಿ ಬಲ್ಬು, ಗೋಡೆಗೆ ಹಿಡಿದುಕೊಳ್ಳಲು ಒಂದು ಬಿದಿರು.

ಒಂದು ವಿಷಯಕ್ಕೆ ಸೊಸೆ ಸುಲಭಕ್ಕೆ ಒಪ್ಪಲಿಲ್ಲ. ಅತ್ತೆಯ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಅದನ್ನು ಕೂಡಿಟ್ಟಿದ್ದರು, ಸಂತೆಯಲ್ಲಿ ಎರಡು ಕರಿ ಕಂಬಳಿ ತರೋಣ ಅಂದರು, ಒಂದು ತನಗೆ, ಒಂದು ಮೊಮ್ಮಗನಿಗೆ. "ಅತ್ತೆ ದುಡ್ಡಲ್ಲಿ ಅತ್ತೆಗೆ ಹೊದಿಕೆ ತಂದ್ರು ಅಂತ ಊರು ಆಡ್ಕೊಳ್ತದೆ" ಎಂಬುದು ಸೊಸೆಯ ಸಂಕೋಚ. ನನ್ನ ಅಭಿಪ್ರಾಯ ಸ್ಪಷ್ಟವಾಗಿತ್ತು. ಅದು ಅವರ ದುಡ್ಡು. ಮೊಮ್ಮಗನಿಗೆ ಕೊಡಿಸುವ ಸಂತೋಷವನ್ನು ಊರಿನ ಮಾತಿಗೆ ಹೆದರಿ ಅವರಿಂದ ಕಿತ್ತುಕೊಳ್ಳಬಾರದು. ಕಂಬಳಿ ಬಂತು.

ಉಳಿದದ್ದು ರಾತ್ರಿ ಏಳುವುದು. ಕೆಂಡ ಹೋದರೂ ಅಭ್ಯಾಸ ತಕ್ಷಣ ಹೋಗುವುದಿಲ್ಲ. ಮಾರಿದ ಹಸುವಿನ ಕೊರಳಗಂಟೆ ಕೊಟ್ಟಿಗೆಯಲ್ಲಿ ತೂಗುತ್ತಿತ್ತು. ಅದನ್ನು ಅತ್ತೆಯ ಕೈಗೆ ಸಿಗುವಂತೆ ಮಂಚಕ್ಕೆ ಕಟ್ಟಿದರು. ಬೇಕಾದರೆ ಅವರು ಬಾರಿಸುತ್ತಾರೆ, ಬಾರಿಸದಿದ್ದರೆ ಇವರು ಏಳಬಾರದು ಎಂಬ ಒಪ್ಪಂದ. ಒಂದೇ ಸಲಕ್ಕೆ ಅಲ್ಲ. ಮೊದಲ ವಾರ ಎರಡು ಸಲ ಹೋಗಬಹುದು, ಮುಂದಿನ ವಾರ ಒಂದು. ಏಳಬೇಕು ಅನಿಸಿದಾಗ ಹತ್ತು ನಿಮಿಷ ತಡೆದು, ಉಸಿರನ್ನು ನಿಧಾನವಾಗಿ ಬಿಡುತ್ತಾ ಗಂಟೆಯ ಸದ್ದಿಗೆ ಕಿವಿ ಕೊಡುವುದು. ಅತ್ತೆಗೆ ವೈದ್ಯರು ಬರೆದ ಇನ್‌ಹೇಲರನ್ನು ದಮ್ಮು ಇಲ್ಲದ ದಿನವೂ ಹೇಳಿದಂತೆ ತೆಗೆದುಕೊಳ್ಳಲು ಹೇಳಿದೆ. ಒಂದು ಮಾತು ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ ಕಾಯದೆ ಆಸ್ಪತ್ರೆ. ಸೊಸೆಗೆ ನಡುರಾತ್ರಿ ಗಾಬರಿ ಮಿತಿಮೀರಿದರೆ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಟ್ಟಿದ್ದೆ. ಅದಕ್ಕೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸಂಕ್ರಾಂತಿಯ ಮರುದಿನ ಫೋನು ಬಂತು. ಆ ವಾರ ನಾಲ್ಕು ರಾತ್ರಿ ಐದರ ತನಕ ನಿದ್ದೆ ಬಂದಿದೆ. ಎರಡು ರಾತ್ರಿ ಎದ್ದು ನೋಡಿದ್ದಾರೆ. ಒಂದು ರಾತ್ರಿ ಗಂಟೆ ಬಾರಿಸಿತು. ಓಡಿ ಹೋದರೆ ಅತ್ತೆ, "ನೀರು ಖಾಲಿ ಆಯ್ತು, ಒಂದು ಚೊಂಬು ತಾ" ಅಂದರಂತೆ.