ಪ್ರತಿಕ್ರಿಯೆ: ಮೊದಲ ಮಳೆಗೆ ಕೆರೆಯ ಮೀನು ಸತ್ತದ್ದೇಕೆ?

ಬೇಸಿಗೆಯ ಮೊದಲ ಮಳೆ ಬಿದ್ದ ಮರುದಿನ ಕೆರೆ ತುಂಬಾ ಮೀನು ಸತ್ತು ತೇಲುತ್ತಿದ್ದವು, ಯಾರಾದರೂ ವಿಷ ಹಾಕಿದರಾ ಅಂತ ಕೇಳಿದ್ದೀರಿ. ಇರಬಹುದು. ಆದರೆ ಚರಂಡಿ ನೀರು ಸೇರುವ ಕೆರೆ ಅಂತೀರಲ್ಲ, ಹಾಗಾದರೆ ಉಸಿರುಗಟ್ಟಿ ಸತ್ತಿರುವ ಸಾಧ್ಯತೆಯೇ ಜಾಸ್ತಿ.

ಇಂಥ ಕೆರೆಯಲ್ಲಿ ಪಾಚಿ ವಿಪರೀತ ಬೆಳೆಯುತ್ತದೆ. ಹಗಲಲ್ಲಿ ಅದು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಬಿಸಿ ನೀರಲ್ಲಿ ಆಮ್ಲಜನಕ ಕರಗುವುದೂ ಕಡಿಮೆ. ಅದರ ಮೇಲೆ ಮಳೆ ಬಂದರೆ ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತ ಕೊಳೆಯೆಲ್ಲ ಒಂದೇ ಸಲ ಒಳಗೆ ನುಗ್ಗುತ್ತದೆ, ತಳದ ಕಪ್ಪು ಹೂಳೂ ಕದಡುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಉಳಿದ ಚೂರುಪಾರು ಆಮ್ಲಜನಕವನ್ನೂ ಮುಗಿಸುತ್ತವೆ. ಬೆಳಗಿನ ಜಾವಕ್ಕೆ ಮೀನು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತಾಗಲೂ ಚರಂಡಿ ನೀರು, ಆಮ್ಲಜನಕದ ಕೊರತೆಯ ಮಾತೇ ಬಂದಿತ್ತು.

ಸತ್ತದ್ದು ಯಾವ ಮೀನು ಅಂತ ನೋಡಿದಿರಾ? ಕಾಟ್ಲಾ, ರೋಹು ಸತ್ತು ಕೊರವ, ಕ್ಯಾಟ್‌ಫಿಶ್ ಉಳಿದಿದ್ದರೆ ಇದೇ ಕಾರಣ ಅನ್ನಿ. ಅವು ಮೇಲೆ ಬಂದು ಗಾಳಿಯನ್ನೇ ನೇರವಾಗಿ ಎಳೆದುಕೊಳ್ಳುತ್ತವೆ. ಕಪ್ಪೆ, ಹಾವುಗಳೂ ಸತ್ತಿದ್ದರೆ ನಿಮ್ಮ ಅನುಮಾನಕ್ಕೆ ಬಲ ಬರುತ್ತದೆ.

ಪರೀಕ್ಷೆ ಮಾಡಿಸುವುದಾದರೆ ಸೂರ್ಯ ಹುಟ್ಟುವ ಮೊದಲೇ ನೀರಲ್ಲಿರುವ ಆಮ್ಲಜನಕ ಅಳೆಯಲು ಹೇಳಿ. ಲೀಟರಿಗೆ 4 ಮಿಲಿಗ್ರಾಂ ಆದರೂ ಇರಬೇಕು. ಮಧ್ಯಾಹ್ನ ಅಳೆದರೆ ಸುಮ್ನೆ ಎಲ್ಲ ಸರಿಯಿದೆ ಅಂತ ತೋರಿಸುತ್ತದೆ. ಸತ್ತ ಮೀನನ್ನು ಯಾರೂ ಮನೆಗೆ ಒಯ್ಯದ ಹಾಗೆ ನೋಡಿಕೊಳ್ಳಿ.